ಸೇನಾಪತಿ ಬಿದ್ದರೆ ಮುಂದೆ ಯಾರು?

೧೮೬೩ನೆಯ ಇಸವಿ ಜೂನ್ ೨೮. ಬೆಳಗಿನ ಜಾವ ಸುಮಾರು ಮೂರು ಗಂಟೆಯ ಸಮಯ. ಅಮೆರಿಕದ ಮೇರಿಲೆಂಡ್ ಸಂಸ್ಥಾನದ ಫ್ರೆಡರಿಕ್ ಎಂಬ ಊರಿನ ಹತ್ತಿರ ಡೇರೆಯೊಂದರಲ್ಲಿ ಮಲಗಿ ನಿದ್ರಿಸುತ್ತಿದ್ದ ಜನರಲ್ ಜಾರ್ಜ್ ಮೀಡನನ್ನು ಯಾರೋ ಬಂದು ಎಬ್ಬಿಸಿದರು. ಬಂದವನು ವಾಷಿಂಗ್‌ಟನ್ ನಗರದಿಂದ ಗುಟ್ಟಾಗಿ ಬಂದಿದ್ದ ಒಬ್ಬ ಕರ್ನಲ್. ತನ್ನನ್ನು ಸೆರೆಹಿಡಿಯಲು ಆಜ್ಞೆಯಾಗಿದೆಯೆಂದೇ ಮೀಡನು ಮೊದಲು ಭಾವಿಸಿದನಂತೆ. ತನ್ನ ಮೇಲಧಿಕಾರಿಯಾದ ಹೂಕರನೊಡನೆ ಆತನಿಗೆ ಮನಸ್ತಾಪವಿದ್ದುದರಿಂದ ಆ ಶಂಕೆ ಕಾರಣವಿಲ್ಲದ್ದೇನೂ ಅಲ್ಲ. ಆದರೆ ಕಾಗದವನ್ನು ಬಿಚ್ಚಿ ನೋಡಿದರೆ ಸಮಾಚಾರ ಬೇರೆಯೇ ಆಗಿತ್ತು. ಅಧ್ಯಕ್ಷ ಲಿಂಕನ್ನರು ಹೂಕರನನ್ನು ತೆಗೆದು, ಆತನ ಸ್ಥಾನದಲ್ಲಿ ಮೀಡನನ್ನು ಪೊಟೋಮ್ಯಾಕ್ ಸೈನ್ಯದ ಸೇನಾಪತಿಯನ್ನಾಗಿ ನೇಮಿಸಿದ್ದರು. ಎಂಟು ತಿಂಗಳೊಳಗೆ ಆ ಸೈನ್ಯಕ್ಕೆ ಸೇನಾಪತಿ ಬದಲಾದುದು ಇದು ಮೂರನೆಯ ಸಲ.

ಅದುವರೆಗೆ ಸೈನ್ಯದ ಒಂದು ಭಾಗಕ್ಕೆ ಮಾತ್ರ ಒಡೆಯನಾಗಿದ್ದ ಮೀಡನಿಗೆ ಉಳಿದ ಭಾಗಗಳು ಎಲ್ಲೆಲ್ಲಿ ಬೀಡುಬಿಟ್ಟಿವೆಯೆಂಬುದೂ ಸರಿಯಾಗಿ ತಿಳಿದಿರಲಿಲ್ಲ. ಮುಹೂರ್ತಕ್ಕೆ ಮೂರು ದಿನವಿರುವಾಗ ಮದುವೆಮನೆಯ ಯಜಮಾನಿಕೆಯನ್ನು ಬೇರೊಬ್ಬರ ಕೈಗೆ ಒಪ್ಪಿಸಿದರೆ, ಉಗ್ರಾಣದ ಬೀಗದಕೈ ಯಾರ ಹತ್ತಿರ ಇದೆಯೆಂದು ವಿಚಾರಿಸುವುದರಲ್ಲಿಯೇ ಅವರ ಕಾಲ ಕಳೆದುಹೋದೀತು. ಮೀಡನ ಪಾಲಿಗೆ ಬಂದ ಮುಹೂರ್ತವೂ ಸರಿಯಾಗಿ ಮೂರು ದಿನಗಳದ್ದೇ. ಜುಲೈ ೧ರಂದು ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್ ಎಂಬ ಪುಟ್ಟ ಪಟ್ಟಣದ ಬಳಿ ಗುಂಡು ಹಾರಿತು. ಮೂರು ದಿನಗಳ ಆ ಕಾಳಗದಲ್ಲಿ ಎರಡು ಪಕ್ಷಗಳಿಂದಲೂ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಸೇರಿ ಐವತ್ತು ಸಾವಿರದ ಆಸುಪಾಸು.

ಅಂತರ್ಯುದ್ಧದ ಕಾರಣವು ವಾಚಕರಿಗೆ ತಿಳಿದದ್ದೇ. ಆಫ್ರಿಕದ ಜನರನ್ನೂ ಅವರ ಸಂತಾನವನ್ನೂ ಗುಲಾಮರಾಗಿಟ್ಟುಕೊಳ್ಳುವ ಪದ್ಧತಿಯನ್ನು ಬಿಡಲೊಲ್ಲದ ದಕ್ಷಿಣದ ಹನ್ನೊಂದು ಸಂಸ್ಥಾನಗಳು ೧೮೬೦–೬೧ರಲ್ಲಿ ಒಕ್ಕೂಟವನ್ನು ತೊರೆದು ಬೇರೆ ರಾಜ್ಯ ಕಟ್ಟಿದವು. ೧೮೬೩ರ ಬೇಸಗೆಯಲ್ಲಿ ದಕ್ಷಿಣದ ಸೇನಾಪತಿ ರಾಬರ್ಟ್ ಲೀಯು ಎಪ್ಪತ್ತು ಸಾವಿರಕ್ಕೂ ಮಿಕ್ಕ ಜನರೊಡನೆ ಉತ್ತರದ ನೆಲಕ್ಕೆ ನುಗ್ಗಿದನು. ಅದನ್ನು ತಡೆಯಬೇಕಾದ ಮೀಡನ ಸೈನ್ಯ ತೊಂಬತ್ತು ಸಾವಿರದಷ್ಟು. ಇಷ್ಟು ಜನ ಒಬ್ಬನ ಮಾತನ್ನು ಕೇಳುವುದಾದರೂ ಹೇಗೆ? ದೂರದ ಊರುಗಳಿಗೆ ತಂತಿ ಇದ್ದಿತು. ಆದರೆ ಹೊಗೆ ತುಂಬಿದ ರಣರಂಗದಲ್ಲಿ ಕುದುರೆಯೇರಿದ ದೂತ, ಕಹಳೆ, ಬಾವುಟ ಇವಿಷ್ಟೇ ಸಾಧನಗಳು. ಆದುದರಿಂದ ಸೇನಾಪತಿಯ ಮಾತು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಬೇಕಾಗಿತ್ತು.

ಮೆಟ್ಟಿಲುಗಳ ಲೆಕ್ಕ ಇದು. ನೂರು ಜನರ ಕಂಪನಿಗೆ ಒಬ್ಬ ಕ್ಯಾಪ್ಟನ್. ಅಂತಹ ಹತ್ತು ಕಂಪನಿಗಳು ಕೂಡಿದರೆ ಒಂದು ರೆಜಿಮೆಂಟು; ಅದಕ್ಕೆ ಕರ್ನಲನೇ ದೊರೆ. ನಾಲ್ಕಾರು ರೆಜಿಮೆಂಟುಗಳಿಗೆ ಒಂದು ಬ್ರಿಗೇಡು, ಕೆಲವು ಬ್ರಿಗೇಡುಗಳಿಗೆ ಒಂದು ಡಿವಿಜನ್ನು, ಎರಡು ಮೂರು ಡಿವಿಜನ್ನುಗಳಿಗೆ ಒಂದು ಕೋರು. (ಈ ಕೊನೆಯ ಮಾತನ್ನು ಇಂಗ್ಲಿಷಿನಲ್ಲಿ ಬರೆಯುವುದು ಒಂದು ಬಗೆ, ಉಚ್ಚರಿಸುವುದು ಇನ್ನೊಂದು ಬಗೆ.) ಕೋರುಗಳೆಲ್ಲ ಸೇರಿ ಸೈನ್ಯ. ಕಾಗದದ ಮೇಲೆ ರೆಜಿಮೆಂಟು ಸಾವಿರ ಜನರದು. ಎರಡು ವರ್ಷಗಳ ಯುದ್ಧ, ಜ್ವರ, ಆಮಶಂಕೆಗಳಿಗೆ ಸಿಕ್ಕು ಗೆಟಿಸ್‌ಬರ್ಗಿಗೆ ಬರುವ ಹೊತ್ತಿಗೆ ಎಷ್ಟೋ ರೆಜಿಮೆಂಟುಗಳಲ್ಲಿ ಮುನ್ನೂರು ನಾನೂರು ಜನ ಉಳಿದಿದ್ದರು. ಉತ್ತರದ ಸಂಸ್ಥಾನಗಳಿಗೆ ಹಳೆಯ ರೆಜಿಮೆಂಟನ್ನು ತುಂಬಿಸುವುದಕ್ಕಿಂತ ಹೊಸದೊಂದನ್ನು ಹುಟ್ಟಿಸುವುದರಲ್ಲೇ ಆಸಕ್ತಿ ಹೆಚ್ಚು. ಹೊಸ ರೆಜಿಮೆಂಟಾದರೆ ಹೊಸ ಕರ್ನಲ್, ಹೊಸ ಕ್ಯಾಪ್ಟನ್ನರು. ರಾಜ್ಯಪಾಲರು ಬೇಕಾದವರಿಗೆ ಹಂಚಲು ಅಷ್ಟು ಪದವಿಗಳು. ದಕ್ಷಿಣದವರಾದರೋ ಹೊಸಬರನ್ನು ಹಳಬರ ನಡುವೆ ನಿಲ್ಲಿಸುತ್ತಿದ್ದರು. ಈ ಒಂದು ವಿಷಯದಲ್ಲಿ ಅವರದೇ ಜಾಣತನ.

ಎರಡು ಸೈನ್ಯಗಳ ಕಟ್ಟಡದಲ್ಲಿ ಮುಖ್ಯವಾದ ಭೇದವೊಂದಿತ್ತು. ಮೀಡನ ಕೆಳಗೆ ಏಳು ಪದಾತಿ ಕೋರುಗಳು, ಅವುಗಳಲ್ಲಿ ಹತ್ತೊಂಬತ್ತು ಡಿವಿಜನ್ನುಗಳು; ಬೇರೆಯಾಗಿ ಒಂದು ಅಶ್ವದಳದ ಕೋರು, ಒಂದು ಮೀಸಲು ಫಿರಂಗಿದಳ. ಲೀಯ ಕೆಳಗೆ ಪದಾತಿ ಕೋರುಗಳು ಮೂರೇ, ಡಿವಿಜನ್ನುಗಳು ಒಂಬತ್ತೇ. ಜೊತೆಗೆ ಸ್ಟುಅರ್ಟನ ಅಶ್ವದಳ. ಲೀಯ ಒಂದು ಕೋರು ಮೀಡನ ಎರಡು ಕೋರುಗಳ ತೂಕದ್ದು. ಲೀಯು ಮೂವರಿಗೆ ಹೇಳಿದರೆ ಸಾಕಾಗಿತ್ತು, ಮೀಡನು ಎಂಟು ಜನರಿಗೆ ಹೇಳಬೇಕಾಗಿತ್ತು. ಮೇಲುನೋಟಕ್ಕೆ ಲೀಯ ಏರ್ಪಾಡೇ ಸುಲಭವೆಂದು ತೋರುತ್ತದೆ. ಆದರೆ ಆ ಮೂವರಲ್ಲಿ ಒಬ್ಬನು ತಡೆದು ನಿಂತರೆ ಸೈನ್ಯದ ಮೂರರಲ್ಲೊಂದು ಪಾಲು ತಡೆದು ನಿಂತಂತೆಯೇ.

ಸಂಖ್ಯೆಗಳು ಉತ್ತರದವರಿಗೆ, ಹೆಸರುಗಳು ದಕ್ಷಿಣದವರಿಗೆ. ಉತ್ತರದಲ್ಲಿ ಮೊದಲನೆಯ ಕೋರು, ಹನ್ನೊಂದನೆಯ ಕೋರು ಎಂದು ಕರೆದರೆ, ದಕ್ಷಿಣದಲ್ಲಿ ಬ್ರಿಗೇಡಿಗೂ ಡಿವಿಜನ್ನಿಗೂ ನಾಯಕನ ಹೆಸರೇ ಹೆಸರು: ಪಿಕೆಟ್ಟನ ಡಿವಿಜನ್ನು, ಆರ್ಮಿಸ್ಟೆಡ್ಡನ ಬ್ರಿಗೇಡು. ಉತ್ತರದ ಸಿಪಾಯಿಯ ಟೋಪಿಯನ್ನು ನೋಡಿದರೆ ಆತನು ಯಾರವನೆಂಬುದು ತಿಳಿಯುತ್ತಿತ್ತು. ಮೊದಲನೆಯ ಕೋರಿನವರಿಗೆ ದುಂಡು ಬಿಲ್ಲೆ, ಎರಡನೆಯವರಿಗೆ ಮೂರೆಲೆಯ ಚಿಹ್ನೆ, ಮೂರನೆಯವರಿಗೆ ಇಸ್ಪೀಟಿನ ಡೈಮನ್ನಿನ ಆಕಾರ, ಹನ್ನೊಂದನೆಯವರಿಗೆ ಅರ್ಧಚಂದ್ರ, ಹನ್ನೆರಡನೆಯವರಿಗೆ ನಕ್ಷತ್ರ. ಅದರ ಬಣ್ಣ ಕೆಂಪಾದರೆ ಮೊದಲ ಡಿವಿಜನ್ನು, ಬಿಳಿಯಾದರೆ ಎರಡನೆಯದು, ನೀಲಿಯಾದರೆ ಮೂರನೆಯದು. ಈ ಬಿಲ್ಲೆಗಳನ್ನು ಅದೇ ವರ್ಷ ಜಾರಿಗೆ ತಂದವನು, ಪದವಿ ಕಳೆದುಕೊಂಡ ಆ ಹೂಕರನೇ.

ಈ ಯಾವ ಪಟ್ಟಿಯಲ್ಲಿಯೂ ಸೇರದವರು ಸಾವಿರಾರು ಮಂದಿ ಲೀಯ ಸೈನ್ಯದೊಡನೆ ನಡೆದಿದ್ದರು. ಬಂಡಿ ಹೊಡೆಯಲು, ಅಡಿಗೆ ಮಾಡಲು, ಕುದುರೆ ತಿಕ್ಕಲು ತಂದಿದ್ದ ಗುಲಾಮರು ಅವರು. ಪೆನ್ಸಿಲ್ವೇನಿಯಾದಲ್ಲಿ ಸ್ವತಂತ್ರರಾಗಿ ಬಾಳುತ್ತಿದ್ದ ಕರಿಯ ಜನರನ್ನೂ ಆ ಸೈನ್ಯದವರು ಹಿಡಿದು ದಕ್ಷಿಣಕ್ಕೆ ಸಾಗಿಸಿದರು. ಯುದ್ಧದ ಪಟ್ಟಿಗಳನ್ನು ಓದುವಾಗ ಇದನ್ನು ಮರೆಯಬಾರದು.

ಮಹಾಭಾರತವನ್ನು ಬಲ್ಲವರಿಗೆ ಇಂತಹ ಲೆಕ್ಕ ಹೊಸದಲ್ಲ. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು ಸೇರಿದ ಪತ್ತಿಯಿಂದ ಮೊದಲಾಗಿ ಅಕ್ಷೌಹಿಣಿಯವರೆಗೆ ಹತ್ತಿಹೋಗುವ ಗಣಿತ ಅಲ್ಲಿಯೂ ಇದೆ. ಭೀಷ್ಮನು ಸೇನಾಪತಿಯಾಗಿರುವವರೆಗೆ ತಾನು ಯುದ್ಧಕ್ಕಿಳಿಯೆನೆಂದು ಕರ್ಣನು ಕುಳಿತುದೂ ಅಲ್ಲಿಯೇ. ಸೈನ್ಯದಲ್ಲಿ ಹಿರಿತನದ ಪ್ರಶ್ನೆ ಎಲ್ಲ ಕಾಲಕ್ಕೂ ಗಾಯದಂತಹದು. ಉತ್ತರದ ಸೈನ್ಯದಲ್ಲಿ ಅಂದು ಮೇಜರ್ ಜನರಲ್ಲಿಗಿಂತ ಮೇಲಿನ ಪದವಿಯೇ ಇರಲಿಲ್ಲ. ಮೀಡನೂ ಮೇಜರ್ ಜನರಲ್ಲೇ, ಆತನ ಆಜ್ಞೆಯನ್ನು ಕೇಳಬೇಕಾದ ಕೋರುಪತಿಗಳೂ ಮೇಜರ್ ಜನರಲ್ಲುಗಳೇ! ಯಾರಿಗೆ ಮೊದಲು ಆ ಪದವಿ ಬಂದಿತೆಂದು ತಾರೀಖು ನೋಡಿ ಹಿರಿತನವನ್ನು ನಿರ್ಣಯಿಸುತ್ತಿದ್ದರು. ಹಾಗೆ ನೋಡಿದರೆ ಅವರಲ್ಲಿ ಕೆಲವರು ಮೀಡನಿಗಿಂತಲೂ ಹಿರಿಯರು. ಇದನ್ನು ಬಲ್ಲ ವಾಷಿಂಗ್‌ಟನ್ನಿನವರು, ತಾರೀಖನ್ನು ಲೆಕ್ಕಿಸದೆ ಬೇಕಾದವರನ್ನು ಬೇಕಾದಲ್ಲಿ ನೇಮಿಸುವ ಅಧಿಕಾರವನ್ನೂ ಮೀಡನಿಗೆ ಕೊಟ್ಟಿದ್ದರು. ಆ ಒಂದು ವಾಕ್ಯವೇ ಮೊದಲ ದಿನ ಸೈನ್ಯವನ್ನು ಉಳಿಸಿತೆಂದರೆ ಅತಿಶಯೋಕ್ತಿಯಾಗಲಾರದು.

ಜುಲೈ ೧ರ ಬೆಳಗ್ಗೆ ಗೆಟಿಸ್‌ಬರ್ಗಿನ ಪಶ್ಚಿಮಕ್ಕೆ ಲೀಯ ಮುಂಪಡೆಯನ್ನು ಎದುರಿಸಿದವನು ಉತ್ತರದ ಅಶ್ವದಳದ ಬ್ಯೂಫರ್ಡ್. ಆತನಿಗೆ ನೆರವಾಗಿ ಮೊದಲನೆಯ ಕೋರಿನೊಡನೆ ಧಾವಿಸಿ ಬಂದವನು ಜಾನ್ ರೆನಾಲ್ಡ್ಸ್. ಆ ದಿನ ಈತನ ಕೈಯಲ್ಲಿ ತನ್ನ ಕೋರಲ್ಲದೆ ಇನ್ನೆರಡು ಕೋರುಗಳ ಮೇಲ್ವಿಚಾರಣೆಯೂ ಇದ್ದಿತು. ಹತ್ತು ಗಂಟೆ ದಾಟಿದ ಸ್ವಲ್ಪ ಹೊತ್ತಿನಲ್ಲೇ, ಮರಗಳ ತೋಪೊಂದರ ಅಂಚಿನಲ್ಲಿ ತನ್ನವರನ್ನು ಹುರಿದುಂಬಿಸುತ್ತಿದ್ದ ರೆನಾಲ್ಡ್ಸನು ಗುಂಡು ತಾಗಿ ಕುದುರೆಯಿಂದ ಉರುಳಿದನು. ಮತ್ತೆ ಮಾತನಾಡಲಿಲ್ಲ.

ಮುಂದೆ ಯಾರು? ಮೊದಲನೆಯ ಕೋರು ಡಬಲ್‌ಡೇ ಎಂಬವನಿಗೆ ಬಂದಿತು. ಹೊತ್ತೇರುವುದರೊಳಗೆ ಹನ್ನೊಂದನೆಯ ಕೋರಿನ ಹೋವರ್ಡನು ಬಂದನು. ಹಿಂದಿನ ವರ್ಷದ ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದವನು ಈತ. ಹಿರಿತನದಿಂದ ರಣರಂಗದ ಪೂರ್ಣಾಧಿಕಾರ ಹೋವರ್ಡನದಾಯಿತು. ಆತನ ಕೋರು ಅವನ ಕೈಕೆಳಗಿನ ಷುರ್ಜನ ಪಾಲಾಯಿತು. ಒಬ್ಬನು ಬಿದ್ದರೆ ಮೆಟ್ಟಿಲಿನಲ್ಲಿರುವ ಪ್ರತಿಯೊಬ್ಬನೂ ಒಂದೊಂದು ಮೆಟ್ಟಿಲು ಮೇಲೇರಬೇಕು. ಗುಂಡಿನ ಮಳೆಯ ನಡುವೆ ಪ್ರತಿಯೊಬ್ಬನೂ ತನಗೆ ಪರಿಚಯವಿಲ್ಲದ ಕೆಲಸಕ್ಕೆ ಕೈಹಾಕಬೇಕು. ಸಂಜೆಯೊಳಗೆ ಎರಡು ಕೋರುಗಳೂ ಸೋತು ಊರಿನ ಬೀದಿಗಳಲ್ಲಿ ಹಿಮ್ಮೆಟ್ಟಿದವು. ಆದರೆ ಹೋವರ್ಡನು ಊರ ದಕ್ಷಿಣಕ್ಕಿರುವ ಸ್ಮಶಾನಗುಡ್ಡದ ಮೇಲೆ ಒಂದು ಡಿವಿಜನ್ನನ್ನು ಮೊದಲೇ ಕಾದಿರಿಸಿದ್ದನು. ಓಡಿಬಂದವರಿಗೆ ನಿಲ್ಲಲು ಒಂದು ನೆಲೆ ಸಿಕ್ಕಿದುದು ಅದರಿಂದ.

ಇತ್ತ ರೆನಾಲ್ಡ್ಸನು ಮಡಿದ ಸುದ್ದಿ ಹಲವು ಮೈಲಿ ದೂರದಲ್ಲಿದ್ದ ಮೀಡನಿಗೆ ಮುಟ್ಟಿದೊಡನೆ ಆತನು ಎರಡನೆಯ ಕೋರಿನ ಹ್ಯಾನ್‌ಕಾಕನನ್ನು ಕರೆದು, ಗೆಟಿಸ್‌ಬರ್ಗಿಗೆ ಹೋಗಿ ಅಧಿಕಾರ ವಹಿಸಿಕೊಳ್ಳಲು ಹೇಳಿದನು. ಪಟ್ಟಿಯಲ್ಲಿ ಹೋವರ್ಡನ ಹೆಸರು ಹ್ಯಾನ್‌ಕಾಕನ ಹೆಸರಿಗಿಂತ ಮೇಲೆ ಇತ್ತು. ಕಿರಿಯನು ಬಂದು ಹಿರಿಯನಿಗೆ, ‘ಇನ್ನು ನನ್ನ ಮಾತು ನಡೆಯಬೇಕು’ ಎನ್ನುವ ಸಂದರ್ಭ. ಹೋವರ್ಡನು ತನ್ನ ಹಿರಿತನವನ್ನು ಎತ್ತಿ ಹೇಳದೆ ಬಿಡಲಿಲ್ಲ. ಆದರೂ ಕೆಲಸ ನಿಲ್ಲಲಿಲ್ಲ. ಇಬ್ಬರೂ ಸೇರಿ ಗುಡ್ಡದ ಮೇಲೆ ಚದುರಿದ ಪಡೆಗಳನ್ನು ಮತ್ತೆ ಸಾಲುಗೂಡಿಸಿದರು. ‘ಯುದ್ಧಕ್ಕೆ ಈ ಸ್ಥಳ ತಕ್ಕದ್ದು’ ಎಂಬ ಸಂದೇಶ ಮೀಡನಿಗೆ ಹೋಯಿತು. ಕತ್ತಲಾಗುವ ಹೊತ್ತಿಗೆ ಇವರಿಬ್ಬರಿಗಿಂತ ಹಿರಿಯನಾದ ಸ್ಲೋಕಮನು ಬಂದು ಅಧಿಕಾರ ತೆಗೆದುಕೊಂಡನು, ಮಧ್ಯರಾತ್ರಿಯ ಮೇಲೆ ಮೀಡನೇ ಬಂದನು. ಒಂದೇ ಹಗಲು ರಾತ್ರಿಯಲ್ಲಿ ರಣರಂಗದ ಒಡೆತನ ಆರೇಳು ಕೈ ಬದಲಾಯಿತು. ಮೊದಲನೆಯ ಕೋರಿಗೆ ಮೀಡನು ಡಬಲ್‌ಡೇಯನ್ನು ಉಳಿಸದೆ, ಆರನೆಯ ಕೋರಿನ ನ್ಯೂಟನನನ್ನು ಕರೆಸಿ ನೇಮಿಸಿದನು. ದಿನವೆಲ್ಲ ಕಾದಾಡಿದ್ದ ಡಬಲ್‌ಡೇಗೆ ಆ ನೋವು ಕೊನೆಯವರೆಗೂ ಮಾಸಲಿಲ್ಲ. ಆತನ ಬಗ್ಗೆ ಮರುಕ ಪಡುವವರ ಪಕ್ಷ ತಪ್ಪೆನ್ನಲಾಗದು.

ಅದೇ ಸಂಜೆ ಎದುರು ಪಾಳೆಯದಲ್ಲಿ ಬೇರೊಂದು ತೊಡಕು. ಎರಡು ತಿಂಗಳ ಹಿಂದಿನವರೆಗೆ ಲೀಯ ಸೈನ್ಯದಲ್ಲಿ ಎರಡೇ ಕೋರುಗಳಿದ್ದವು: ಲಾಂಗ್‌ಸ್ಟ್ರೀಟನದೊಂದು, ಜ್ಯಾಕ್ಸನನದೊಂದು. ಮೇ ತಿಂಗಳಲ್ಲಿ ಚಾನ್ಸಲರ್ಸ್‌ವಿಲ್ ಕಾಳಗದ ಕತ್ತಲೆಯಲ್ಲಿ ತನ್ನವರ ಗುಂಡಿಗೇ ಗಾಯಗೊಂಡು ಜ್ಯಾಕ್ಸನನು ತೀರಿಕೊಂಡನು. ಲೀಯು ಸೈನ್ಯವನ್ನು ಮೂರು ಕೋರುಗಳಾಗಿ ಹಂಚಿ, ಎರಡಕ್ಕೆ ಹೊಸಬರನ್ನು ನೇಮಿಸಿದನು. ಅವರಲ್ಲೊಬ್ಬನು ಯುದ್ಧದಲ್ಲಿ ಕಾಲು ಕಳೆದುಕೊಂಡು ಮರದ ಕಾಲಿನಿಂದ ಮರಳಿ ಬಂದಿದ್ದ ಯೂಯಲ್. ಜ್ಯಾಕ್ಸನನ ಕೈಕೆಳಗೆ ಡಿವಿಜನ್ನು ನಡೆಸಿದವನು. ಜ್ಯಾಕ್ಸನನು ಹೇಳಿದುದನ್ನು ಹೇಳಿದಂತೆ ಮಾಡಿ ಪಳಗಿದವನು. ಲೀಯ ರೀತಿಯೇ ಬೇರೆ. ಉದ್ದೇಶವನ್ನು ತಿಳಿಸಿ, ಮಾಡುವ ಬಗೆಯನ್ನು ಕೈಕೆಳಗಿನವನ ವಿವೇಕಕ್ಕೆ ಬಿಡುವುದು ಆತನ ಪದ್ಧತಿ. ಜ್ಯಾಕ್ಸನನಂತಹವನಿಗೆ ಅದು ರೆಕ್ಕೆ ಕಟ್ಟಿದಂತೆ. ಯೂಯಲನಿಗೆ ಬಂದ ಅಪ್ಪಣೆಯ ತಾತ್ಪರ್ಯ ಇಷ್ಟು: ಸಾಧ್ಯವೆನಿಸಿದರೆ ಆ ಗುಡ್ಡವನ್ನು ಹಿಡಿ, ಆದರೆ ಸೈನ್ಯವೆಲ್ಲ ಬಂದು ಸೇರುವವರೆಗೆ ದೊಡ್ಡ ಕಾಳಗಕ್ಕೆ ತೊಡಗಬೇಡ. ಯೂಯಲನು ಗುಡ್ಡವನ್ನು ನೋಡಿದನು, ದಣಿದ ತನ್ನ ಜನರನ್ನು ನೋಡಿದನು. ಸಾಧ್ಯವೆನಿಸಲಿಲ್ಲ. ರಾತ್ರಿಯಾಯಿತು.

ಆ ಗುಡ್ಡವನ್ನು ಅಂದು ಹಿಡಿಯಬಹುದಾಗಿತ್ತೇ ಎಂಬ ಚರ್ಚೆ ಅಮೆರಿಕದಲ್ಲಿ ಇನ್ನೂ ಮುಗಿದಿಲ್ಲ. ತಪ್ಪನ್ನೆಲ್ಲ ಯೂಯಲನ ಮೇಲೆ ಹೊರಿಸುವವರೇ ಬಹಳ. ಇದು ಅಷ್ಟು ನ್ಯಾಯವಲ್ಲ. ಅಪ್ಪಣೆಯಲ್ಲೇ ಎರಡು ಬಾಯಿಯಿತ್ತು. ಹೊಸ ಕೋರುಪತಿಗೆ ಹಳೆಯವನ ಭಾಷೆಯಲ್ಲಿ ಬರೆದರೆ ಅರ್ಥವಾಗುವುದು ಬೇರೆಯೇ.

ಎರಡನೆಯ ದಿನ ಮೀಡನ ಸೈನ್ಯವು ಗುಡ್ಡಗಳ ಮೇಲೆ ಮೀನುಗಾಳದ ಆಕಾರದಲ್ಲಿ ನಿಂತಿತು. ಗಾಳದ ಒಳಗಿನ ದಾರಿ ಚಿಕ್ಕದಾದುದರಿಂದ ಒಂದು ಕಡೆಯಿಂದ ಮತ್ತೊಂದು ಕಡೆಗೆ ನೆರವು ಬೇಗ ಹೋಗುತ್ತಿತ್ತು. ಹೊರಗಿನಿಂದ ಸುತ್ತಿದ್ದ ಲೀಯವರು ದೂರದ ಬಳಸುದಾರಿಯಲ್ಲಿ ಸುದ್ದಿ ಕಳುಹಿಸಬೇಕಾಗಿತ್ತು. ಗಾಳದ ಹಿಡಿಯ ತುದಿಯಲ್ಲಿ ಮೂರನೆಯ ಕೋರು. ಅದರ ಒಡೆಯ ಸಿಕಲ್ಸನು ನ್ಯೂಯಾರ್ಕಿನ ರಾಜಕಾರಣಿ. ತನಗೆ ಕೊಟ್ಟ ಸ್ಥಳ ತಗ್ಗಾಯಿತು, ಮುಂದಿನ ಹಣ್ಣಿನ ತೋಟ ಎತ್ತರದಲ್ಲಿದೆಯೆಂದು ಆತನು ತಾನಾಗಿಯೇ ಹತ್ತು ಸಾವಿರದಷ್ಟು ಜನರನ್ನು ಮುನ್ನಡೆಸಿಕೊಂಡು ಹೋಗಿ ಬಿಟ್ಟನು. ಸಾಲು ಕಡಿಯಿತು. ಲಾಂಗ್‌ಸ್ಟ್ರೀಟನ ದಾಳಿ ಅಲ್ಲಿಗೇ ಬಂದಿತು. ಗುಂಡಿಗೆ ಸಿಕಲ್ಸನ ಕಾಲು ಹೋಯಿತು. (ಆ ಕಾಲಿನ ಮೂಳೆಯನ್ನು ಸೈನ್ಯದ ವೈದ್ಯಕೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟು, ಆಗಾಗ್ಗೆ ಹೋಗಿ ನೋಡಿಕೊಂಡು ಬರುತ್ತಿದ್ದನಂತೆ!) ಹಾಳಾದ ಆ ಕೋರನ್ನೂ ಮೀಡನು ಹ್ಯಾನ್‌ಕಾಕನ ಹೆಗಲಿಗೇ ಹಾಕಿದನು.

ಸಿಕಲ್ಸನು ಬಿಟ್ಟುಹೋದ ಬಯಲಿನ ಪಕ್ಕದಲ್ಲಿ ಲಿಟ್ಲ್ ರೌಂಡ್ ಟಾಪ್ ಎಂಬ ಕಲ್ಲುಗುಡ್ಡವಿದೆ. ಅದರ ಮೇಲೇರಿ ನೋಡಿದ ಸೈನ್ಯದ ಮುಖ್ಯ ಎಂಜಿನಿಯರ್ ವಾರನನಿಗೆ ಎದೆ ಝಲ್ಲೆಂದಿತು: ಗುಡ್ಡದ ಮೇಲೆ ಸಂಕೇತದವರು ಕೆಲವರ ಹೊರತು ಕಾವಲೇ ಇಲ್ಲ. ನೆರವು ಕೇಳಿ ದೂತರನ್ನು ಓಡಿಸಿದನು. ಐದನೆಯ ಕೋರಿನ ಅಧಿಪತಿ ಸೈಕ್ಸನು ಒಪ್ಪಿ, ತನ್ನ ಡಿವಿಜನ್ನಿನ ನಾಯಕನಿಗೆ ಆಜ್ಞೆ ಕಳುಹಿಸಿದನು. ಆ ದೂತನು ಡಿವಿಜನ್ನಿನ ನಾಯಕನನ್ನು ಹುಡುಕುತ್ತ ಹೋಗುವಾಗ ಸ್ಟ್ರಾಂಗ್ ವಿನ್ಸೆಂಟ್ ಎಂಬ ಕರ್ನಲನು ಅಡ್ಡಗಟ್ಟಿ, ಆಜ್ಞೆ ಏನೆಂದು ಕೇಳಿದನು. ಇಪ್ಪತ್ತಾರು ವರ್ಷದ ವಕೀಲ, ಬ್ರಿಗೇಡಿನ ನಾಯಕ. ಗುಡ್ಡಕ್ಕೆ ಒಂದು ಬ್ರಿಗೇಡು ಬೇಕೆಂದು ತಿಳಿದೊಡನೆ, ಮೇಲಿನವನ ಅಪ್ಪಣೆಗೆ ಕಾಯದೆ, ಹೊಣೆ ತನ್ನದೆಂದು ಹೇಳಿ ತನ್ನ ನಾಲ್ಕು ರೆಜಿಮೆಂಟುಗಳನ್ನು ಗುಡ್ಡದ ಮೇಲೆ ಹತ್ತಿಸಿದನು. ಅವರು ನೆಲೆನಿಲ್ಲುವ ಹೊತ್ತಿಗೆ ಟೆಕ್ಸಾಸ್, ಅಲಬಾಮಾಗಳ ಸಿಪಾಯಿಗಳು ಕೆಳಗಿನಿಂದ ಏರತೊಡಗಿದ್ದರು.

ಸಿಕಲ್ಸನೂ ಕೇಳದೆ ಹೋದನು, ವಿನ್ಸೆಂಟನೂ ಕೇಳದೆ ಹೋದನು. ಒಬ್ಬನದು ಉದ್ಧಟತನವೆನಿಸಿತು, ಇನ್ನೊಬ್ಬನದು ಸಮಯಸ್ಫೂರ್ತಿಯೆನಿಸಿತು. ಗೆದ್ದುದರಿಂದ ಮಾತ್ರ ಹಾಗೆನಿಸಿತೆಂದು ಹೇಳುವಂತಿಲ್ಲ. ಸಿಕಲ್ಸನು ಮೇಲಿನವನು ಕೊಟ್ಟ ಉದ್ದೇಶವನ್ನೇ ಮುರಿದನು. ವಿನ್ಸೆಂಟನು ಉದ್ದೇಶವನ್ನು ಹಿಡಿದು, ನಡುವಿನ ಒಂದು ಮೆಟ್ಟಿಲನ್ನು ಮಾತ್ರ ಹಾರಿದನು. ಆತನ ಸಾಲಿನ ಎಡದ ಕೊನೆಯಲ್ಲಿ ನಿಂತುದು ಮೇಯ್ನ್ ಸಂಸ್ಥಾನದ ೨೦ನೆಯ ರೆಜಿಮೆಂಟು. ಅದರ ಕರ್ನಲ್ ಚೇಂಬರ್ಲೇನನು ಬೋಡನ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದವನು. ಯೂರೋಪಿಗೆ ಓದಲು ಹೋಗುವೆನೆಂದು ರಜೆ ಪಡೆದು ದಂಡಿಗೆ ಸೇರಿದ್ದನು. ಮದ್ದುಗುಂಡು ಮುಗಿದಾಗ ಆತನ ಜನ ಬಯೊನೆಟ್ಟು ಸಿಕ್ಕಿಸಿಕೊಂಡು ಇಳಿಜಾರಿನಲ್ಲಿ ಕೆಳಗೆ ನುಗ್ಗಿದರು. ಗುಡ್ಡ ಉಳಿಯಿತು. ವಿನ್ಸೆಂಟನು ಉಳಿಯಲಿಲ್ಲ, ಬಂಡೆಗಳ ನಡುವೆ ಗುಂಡು ತಾಗಿ ಐದು ದಿನ ನರಳಿ ಜುಲೈ ೭ರಂದು ತೀರಿಕೊಂಡನು. ಆತನು ಬಿದ್ದ ಕೂಡಲೇ ಬ್ರಿಗೇಡನ್ನು ನಡೆಸಿದವನು ಕರ್ನಲ್ ರೈಸ್. ಎದುರುಪಕ್ಷದಲ್ಲಿಯೂ ದಾಳಿಯ ಮೊದಲಿನಲ್ಲೇ ಡಿವಿಜನ್ನಿನ ನಾಯಕ ಹುಡ್ ಗಾಯಗೊಂಡಿದ್ದನು. ಆತನ ಜಾಗಕ್ಕೆ ಲಾ ಎಂಬವನು ಬಂದನಾದರೂ, ಆ ನಡುವೆ ಬ್ರಿಗೇಡುಗಳು ಒಂದೊಂದು ದಿಕ್ಕಿಗೆ ಹರಿದುಹೋಗಿದ್ದವು.

ಮೂರನೆಯ ದಿನ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಲೀಯ ನೂರೈವತ್ತರಷ್ಟು ಫಿರಂಗಿಗಳು ಒಮ್ಮೆಗೇ ಬಾಯ್ದೆರೆದವು. ಉತ್ತರದ ಫಿರಂಗಿಗಳ ಮುಖ್ಯಾಧಿಕಾರಿ ಹಂಟನು ಲೆಕ್ಕಗಾರ ಮನುಷ್ಯ. ಪದಾತಿ ದಾಳಿ ಖಂಡಿತ ಬರುತ್ತದೆ, ಗುಂಡುಗಳನ್ನು ಅದಕ್ಕಾಗಿ ಉಳಿಸಿಕೊಳ್ಳಬೇಕೆಂದು ಆತನ ಕಟ್ಟಪ್ಪಣೆ. ಆದರೆ ಹ್ಯಾನ್‌ಕಾಕನಿಗೆ, ತನ್ನ ಸಿಪಾಯಿಗಳು ಸುಮ್ಮನೆ ಮಲಗಿ ಹೊಡೆತ ತಿನ್ನುತ್ತಿರುವಾಗ ತಮ್ಮ ಫಿರಂಗಿಗಳೂ ಮೌನವಾದರೆ ಅವರ ಧೈರ್ಯ ಕುಗ್ಗೀತೆಂಬ ಚಿಂತೆ. ಫಿರಂಗಿಯವರು ಯಾರ ಮಾತು ಕೇಳಬೇಕು? ಎರಡನೆಯ ಕೋರಿನ ಫಿರಂಗಿಗಳು ಹ್ಯಾನ್‌ಕಾಕನ ಮಾತಿನಂತೆ ಹಾರಿಸಿ ದೂರದ ಗುಂಡುಗಳನ್ನು ಮುಗಿಸಿಕೊಂಡವು. ಮೀಸಲು ದಳದವರು ಹಂಟನ ಮಾತು ಹಿಡಿದು ಕಾದರು. ಇಬ್ಬರ ವಾದದಲ್ಲೂ ಹುರುಳಿದೆ. ಕಾಗದದ ಮೇಲೆ ಇತ್ಯರ್ಥವಾಗದೆ ಉಳಿದ ಪ್ರಶ್ನೆ ರಣರಂಗದಲ್ಲಿ ಎದ್ದು ನಿಂತಿತು, ಅಷ್ಟೆ. ಇದರ ಜಗಳ ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೂ ಪತ್ರಿಕೆಗಳಲ್ಲಿ ನಡೆಯಿತು.

ಬಳಿಕ ಬಂದುದು ‘ಪಿಕೆಟ್ಟನ ದಾಳಿ’ ಎಂದು ಪ್ರಸಿದ್ಧವಾದುದು. ಹೆಸರು ಪಿಕೆಟ್ಟನದಾದರೂ ನಡೆದ ಒಂಬತ್ತು ಬ್ರಿಗೇಡುಗಳಲ್ಲಿ ಆತನವು ಮೂರೇ. ಉಳಿದ ಆರು ಹಿಲ್ಲನ ಕೋರಿನವು, ಅಂದು ಲಾಂಗ್‌ಸ್ಟ್ರೀಟನಿಗೆ ಎರವಲು ಕೊಟ್ಟವು. ಎರವಲಿನ ಪಡೆಗಳ ನಾಯಕರೂ ಎರವಲಿನವರೇ. ಹೆತ್‌ನು ಮೊದಲ ದಿನ ಗಾಯಗೊಂಡುದರಿಂದ ಆತನ ಡಿವಿಜನ್ನಿಗೆ ಪೆಟ್ಟಿಗ್ರೂ. ಪೆಂಡರನು ಎರಡನೆಯ ದಿನ ಗಾಯಗೊಂಡುದರಿಂದ ಆತನ ಎರಡು ಬ್ರಿಗೇಡುಗಳಿಗೆ ಟ್ರಿಂಬಲ್. ಈ ಟ್ರಿಂಬಲನಿಗೂ ಆ ಜನರಿಗೂ ಪರಿಚಯವಾದುದು ಅಂದೇ. ಮೊದಲ ದಿನವೇ ಜರ್ಜರಿತವಾಗಿದ್ದ ಬ್ರಿಗೇಡುಗಳನ್ನು ಅವುಗಳ ಸ್ಥಿತಿ ನೋಡದೆ ಸಾಲಿನಲ್ಲಿ ನಿಲ್ಲಿಸಲಾಗಿತ್ತು. ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ತೆರೆದ ಬಯಲಿನಲ್ಲಿ ಮುಕ್ಕಾಲು ಮೈಲಿ ನಡೆದರು. ಸುಮಾರು ಅರ್ಧದಷ್ಟು ಜನ ಹಿಂದಿರುಗಲಿಲ್ಲ. ಪಿಕೆಟ್ಟನ ಮೂವರು ಬ್ರಿಗೇಡು ನಾಯಕರಲ್ಲಿ ಗಾರ್ನೆಟ್ ಅಲ್ಲೇ ಸತ್ತನು, ಕೆಂಪರ್ ಕಠಿನವಾಗಿ ಗಾಯಗೊಂಡನು, ಕಲ್ಲುಗೋಡೆಯನ್ನು ದಾಟಿ ಒಳಹೊಕ್ಕ ಆರ್ಮಿಸ್ಟೆಡ್ ಎರಡು ದಿನಗಳಲ್ಲಿ ಪ್ರಾಣಬಿಟ್ಟನು. ಟ್ರಿಂಬಲನ ಕಾಲು ಹೋಯಿತು. ಗೋಡೆಯ ಈಚೆಗೆ ಹ್ಯಾನ್‌ಕಾಕನೂ ಗಾಯಗೊಂಡನು, ಆತನ ಬದಲಿಯಾಗಬೇಕಾಗಿದ್ದ ಗಿಬ್ಬನನೂ ಗಾಯಗೊಂಡನು. ಯುದ್ಧಕ್ಕೆ ಮೊದಲಿದ್ದ ಮೀಡನ ಏಳು ಪದಾತಿ ಕೋರುಪತಿಗಳಲ್ಲಿ ಒಬ್ಬನು ಸತ್ತು, ಇಬ್ಬರು ಹಾಸಿಗೆ ಹಿಡಿದಂತಾಯಿತು.

ಕೆಳಗಿನ ಮೆಟ್ಟಿಲುಗಳ ಲೆಕ್ಕ ಇನ್ನೂ ಭೀಕರ. ಮೊದಲ ದಿನ ತೋಪಿನಲ್ಲಿ ಕಾದಿದ ಮಿಷಿಗನ್ನಿನ ೨೪ನೆಯ ರೆಜಿಮೆಂಟಿನಲ್ಲಿ ಬೆಳಗ್ಗೆ ೪೯೬ ಜನರಿದ್ದರು, ಕಳೆದುಹೋದವರು ೩೬೩. ಬಾವುಟ ಹಿಡಿದವರು ಒಬ್ಬರ ಮೇಲೊಬ್ಬರಾಗಿ ಉರುಳಿದರು, ಕರ್ನಲನು ಗಾಯಗೊಂಡು ಸೆರೆಸಿಕ್ಕಿದನು, ಉಳಿದವರನ್ನು ರಾತ್ರಿ ಒಬ್ಬ ಕ್ಯಾಪ್ಟನ್ ಕೂಡಿಸಿಕೊಂಡನು.

ಲೀಯು ಸೈನ್ಯವನ್ನು ಹಿಂತೆಗೆದುಕೊಂಡು ಪೊಟೋಮ್ಯಾಕ್ ನದಿಯನ್ನು ದಾಟಿಹೋದನು. ತಪ್ಪಿಸಿಕೊಳ್ಳಗೊಟ್ಟನೆಂದು ಲಿಂಕನ್ನರಿಗೆ ಅಸಮಾಧಾನವಾದ ಸುದ್ದಿ ಕೇಳಿ ಜುಲೈ ೧೪ರಂದು ಮೀಡನು ತನ್ನನ್ನು ಬಿಡುಗಡೆ ಮಾಡಬೇಕೆಂದು ಕೇಳಿಕೊಂಡನು. ಆಗಸ್ಟ್ ತಿಂಗಳಲ್ಲಿ ಲೀಯೂ ತನ್ನ ಅಧ್ಯಕ್ಷನಿಗೆ ರಾಜೀನಾಮೆ ಬರೆದನು. ಎರಡೂ ಸ್ವೀಕೃತವಾಗಲಿಲ್ಲ. ರೆನಾಲ್ಡ್ಸನು ನಡೆಸಿದ್ದ ಮೊದಲನೆಯ ಕೋರನ್ನೂ ಸಿಕಲ್ಸನ ಮೂರನೆಯ ಕೋರನ್ನೂ ೧೮೬೪ರ ಮಾರ್ಚ್ ತಿಂಗಳಲ್ಲಿ ಬರಖಾಸ್ತು ಮಾಡಿ, ಅಳಿದುಳಿದವರನ್ನು ಬೇರೆ ಕೋರುಗಳಿಗೆ ಹಂಚಿದರು. ಹಳೆಯ ಬಿಲ್ಲೆಯನ್ನು ಟೋಪಿಯ ಮೇಲೆ ಉಳಿಸಿಕೊಳ್ಳಲು ಮಾತ್ರ ಅವರಿಗೆ ಅಪ್ಪಣೆಯಾಯಿತು.